‘ಎಂಥ ಗಟ್ಟಿ ವಿಶ್ವಾಸ’ ಎಂದು ಜನ ಹೊಗಳಿದಾಗಲೆಲ್ಲ ಒಳಗೇ ಕುಗ್ಗುತ್ತೇನೆ

ಪ್ರಶ್ನೆ: ನನಗೆ 41 ವರ್ಷ. ಹದಿನಾಲ್ಕು ವರ್ಷಗಳಿಂದ ನಮ್ಮ ಸಭೆಯ (ಚರ್ಚಿನ) ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಎರಡು ವರ್ಷದ ಹಿಂದೆ ನನ್ನ ಯಜಮಾನರು ತೀರಿಕೊಂಡರು. ಮಣ್ಣಾದ ಮೂರನೇ ಭಾನುವಾರವೇ ನಾನು ಕ್ಲಾಸಿಗೆ ಹೋದೆ. ಅಂದಿನಿಂದ ಎಲ್ಲರೂ ‘ಎಂಥ ಗಟ್ಟಿ ವಿಶ್ವಾಸ ನಿಮ್ಮದು’ ಎನ್ನುತ್ತಾರೆ. ನಿಜ ಏನೆಂದರೆ, ಮನೆಯಲ್ಲಿ ಬೈಬಲ್ ತೆರೆದರೆ ಬರೀ ಅಕ್ಷರ ಕಾಣುತ್ತವೆ. ಪ್ರಾರ್ಥನೆಗೆ ಕೂತರೆ ಗೋಡೆಯ ಜೊತೆ ಮಾತಾಡಿದ ಹಾಗಾಗುತ್ತದೆ. ಒಳಗೆ ಏನೂ ಇಲ್ಲ. ‘ಯೆಹೋವನು ಹೃದಯವನ್ನು ನೋಡುತ್ತಾನೆ’ ಎಂಬ ವಾಕ್ಯವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಈಗ ಅದೇ ವಾಕ್ಯ ನನ್ನನ್ನು ಹೆದರಿಸುತ್ತದೆ. ಮತ್ತಾಯ 7ನೇ ಅಧ್ಯಾಯದಲ್ಲಿ ಯೇಸು ‘ನಾನು ನಿಮ್ಮನ್ನು ಎಂದೂ ಅರಿತಿಲ್ಲ’ ಎಂದು ಕೆಲವರಿಗೆ ಹೇಳುತ್ತಾನಲ್ಲ, ಆ ಸಾಲಿನಲ್ಲಿ ನಾನೂ ನಿಂತಿದ್ದೇನಾ? ನಾನು ಕಪಟಿಯಾ? ಸಂಡೇ ಸ್ಕೂಲ್ ಬಿಟ್ಟುಬಿಡಲೇ?

ಉತ್ತರ: ಸಹೋದರಿ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಸಂಡೇ ಸ್ಕೂಲ್ ಬಿಡಬೇಡಿ. ಯಾಕೆ ಎಂಬುದನ್ನು ಸ್ವಲ್ಪ ಸುತ್ತಿ ಬಂದು ಹೇಳಬೇಕಾಗುತ್ತದೆ. ಅಲ್ಲಿಯವರೆಗೆ ಈ ಒಂದು ಮಾತು ನಿಮ್ಮ ಕೈಯಲ್ಲಿರಲಿ.

ನಿಮ್ಮ ಪತ್ರ ಓದಿದಾಗ ನನ್ನದೇ ಒಂದು ತಪ್ಪು ನೆನಪಾಯಿತು. ನಾನಾಗ ಸಭಾಪಾಲಕನಾದ ಹೊಸದು. ಹಳ್ಳಿಯ ಸಭೆಯೊಂದರಲ್ಲಿ ಒಬ್ಬ ತಾಯಿ ಪ್ರಾಯಕ್ಕೆ ಬಂದ ಮಗನನ್ನು ಕಳೆದುಕೊಂಡರು. ಸಮಾಧಿಯ ಹತ್ತಿರ ಅವರು ಅಳಲಿಲ್ಲ. ಮುಂದಿನ ಭಾನುವಾರ ಪ್ರಸಂಗದಲ್ಲಿ ನಾನು ಅವರ ಹೆಸರು ಹಿಡಿದು, ಒಂದು ಹನಿ ಕಣ್ಣೀರು ಹಾಕದೆ ದೇವರ ಚಿತ್ತಕ್ಕೆ ತಲೆಬಾಗಿದ ವಿಶ್ವಾಸಿ ಎಂದು ಹೊಗಳಿದೆ. ಜನ ಆಮೆನ್ ಎಂದರು. ಆರು ತಿಂಗಳ ಮೇಲೆ ಅವರ ಮನೆಗೆ ಭೇಟಿಗೆ ಹೋದಾಗ, ಚಹಾದ ಲೋಟ ನನ್ನ ಕೈಗೆ ಕೊಟ್ಟು, ಬಾಗಿಲಿಗೆ ಒರಗಿ ನಿಂತು ಅವರು ಹೇಳಿದ್ದು ಇಷ್ಟೇ: “ಅಯ್ಯನವರೇ, ನೀವು ಅವತ್ತು ಹೊಗಳಿದ ಮೇಲೆ ಈ ಊರಲ್ಲಿ ನನಗೆ ಅಳೋಕೆ ಜಾಗವೇ ಇಲ್ಲದ ಹಾಗಾಯ್ತು.”

ಕ್ಷಮಿಸಿ ಎಂದೆ. ಬೇರೆ ಏನು ಹೇಳಲಿಕ್ಕೂ ನನ್ನಲ್ಲಿ ಮಾತಿರಲಿಲ್ಲ. ಅವರ ಮುಖ ನೋಡಿ ಹೃದಯವನ್ನೇ ಓದಿಬಿಟ್ಟೆ ಎಂದುಕೊಂಡಿದ್ದೆ. ನಿಮ್ಮ ಸುತ್ತಲಿನವರೂ ಇದನ್ನೇ ಮಾಡುತ್ತಿದ್ದಾರೆ, ಪ್ರೀತಿಯಿಂದಲೇ ಮಾಡುತ್ತಿದ್ದಾರೆ. ಆದರೆ ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ, ಅದೇ ತಪ್ಪು ಮಾಡುತ್ತಿರುವ ಇನ್ನೊಬ್ಬರು ಅದರಲ್ಲಿ ಕಂಡರು. ಅವರು ನೀವೇ. ಜನ ನಿಮ್ಮ ಮುಖ ನೋಡಿ ತೀರ್ಪು ಕೊಟ್ಟರು. ನೀವು ನಿಮ್ಮ ಮನಸ್ಸಿನ ಒಣಗಿದ ಸ್ಥಿತಿ ನೋಡಿ ತೀರ್ಪು ಕೊಟ್ಟಿರಿ. ದೇವರು ನೋಡುವ ಹೃದಯ ಈ ಎರಡಕ್ಕಿಂತಲೂ ಆಳದಲ್ಲಿದೆ ಎಂದು ನಾನು ನಂಬುತ್ತೇನೆ. ಹಾಗೆ ನಂಬಲು ಕಾರಣ ಬೈಬಲ್ಲಿನಲ್ಲೇ ಇದೆ.

ನೀವು ಬಾಯಿಪಾಠ ಮಾಡಿಸಿದ ವಾಕ್ಯ 1 ಸಮುವೇಲ 16:7. ಅದನ್ನು ಕಲಿಸುವಾಗ ನಾವು ಸಾಮಾನ್ಯವಾಗಿ ವಾಕ್ಯ ಹೇಳಿ, ಅದು ಯಾರಿಗೆ ಆಡಿದ ಮಾತು ಎಂಬುದನ್ನು ಬಿಟ್ಟುಬಿಡುತ್ತೇವೆ. ದೇವರು ಅದನ್ನು ಹೇಳಿದ್ದು ಒಬ್ಬ ಪ್ರವಾದಿಗೆ. ಹುಡುಗನಾಗಿದ್ದಾಗಲೇ ಶೀಲೋವಿನಲ್ಲಿ ದೇವರ ಧ್ವನಿ ಕೇಳಿಸಿಕೊಂಡ ಸಮುವೇಲ, ಮುದುಕನಾದ ಮೇಲೆ, ಹೊಸ ರಾಜನನ್ನು ಅಭಿಷೇಕಿಸಲು ಎಣ್ಣೆ ತುಂಬಿದ ಕೊಂಬು ಹಿಡಿದು ಬೇತ್ಲೆಹೇಮಿಗೆ, ಇಷಯನ ಮನೆಗೆ ಬರುತ್ತಾನೆ. ಇಷಯನ ಹಿರಿಮಗ ಎಲೀಯಾಬ ಎದುರಿಗೆ ಬಂದದ್ದೇ ತಡ, ‘ಇವನೇ ಸರಿ’ ಎಂದು ಮನಸ್ಸಿನಲ್ಲೇ ಇತ್ಯರ್ಥ ಮಾಡಿಕೊಳ್ಳುತ್ತಾನೆ. ಎಲೀಯಾಬ ಎತ್ತರದ ಆಳು. ಆದರೆ ಆಗಿನ ರಾಜ ಸೌಲನೂ ಎತ್ತರದವನೇ ಆಗಿದ್ದ. ಜನರ ನಡುವೆ ನಿಂತರೆ ಎಲ್ಲರೂ ಅವನ ಹೆಗಲವರೆಗೆ ಮಾತ್ರ ಬರುತ್ತಿದ್ದರು ಎಂದು 9ನೇ ಅಧ್ಯಾಯ ಹೇಳುತ್ತದೆ. ಆ ಎತ್ತರದ ರಾಜ ಏನಾಗಿಹೋದ ಎಂದು ಸಮುವೇಲ ಕಣ್ಣಾರೆ ಕಂಡಿದ್ದ, ಅವನಿಗಾಗಿ ಅಳುತ್ತಲೇ ಇದ್ದ. ಅಷ್ಟಾದರೂ ಇನ್ನೊಂದು ಎತ್ತರದ ಮೈಕಟ್ಟು ಎದುರಿಗೆ ಬಂದಾಗ ಮತ್ತೆ ಮನಸೋತ. ದೇವರ ಮನುಷ್ಯನ ಕಣ್ಣೂ ಇಷ್ಟೇ. ನನ್ನ ಆ ಭಾನುವಾರದ ಪ್ರಸಂಗ ನೆನಪಾದಾಗಲೆಲ್ಲ ನಾನು ಈ ಅಧ್ಯಾಯಕ್ಕೆ ಬರುತ್ತೇನೆ.

ಹೀಬ್ರೂ ಮೂಲದಲ್ಲಿ ಆ ವಾಕ್ಯ ಬಹಳ ಬಿಗಿಯಾಗಿದೆ. ಮನುಷ್ಯ ನೋಡುವುದು ಕಣ್ಣುಗಳನ್ನು, ಯೆಹೋವ ನೋಡುವುದು ಹೃದಯವನ್ನು, ಎಂಬಂತೆ ಬರುತ್ತದೆ. ‘ಹೊರಗಿನ ತೋರಿಕೆ’ ಎಂದು ನಾವು ಅನುವಾದಿಸುವ ಕಡೆ ಅಲ್ಲಿರುವುದು ‘ಕಣ್ಣುಗಳು’ ಎಂಬ ಪದ. ಸ್ವಾರಸ್ಯ ಏನೆಂದರೆ, ಐದೇ ವಚನಗಳ ಆಚೆ, ದೇವರು ಆರಿಸಿದ ಕಿರಿಮಗ ದಾವೀದ ಒಳಗೆ ಬಂದಾಗ ಕಥೆಗಾರ ಅವನನ್ನು ಪರಿಚಯಿಸುವುದೂ ಕಣ್ಣುಗಳಿಂದಲೇ: ಕೆಂಬಣ್ಣದವನು, ಚೆಲುವಾದ ಕಣ್ಣುಗಳವನು, ನೋಡಲು ಸುಂದರ. ಹೊರಗೆ ಚೆನ್ನಾಗಿದ್ದವರೆಲ್ಲ ಒಳಗೆ ಕೆಟ್ಟವರು ಎಂದು ಈ ಕಥೆ ಹೇಳುತ್ತಿಲ್ಲ. ಹೊರಗಿನದು ಯಾವ ಕಡೆಗೂ ಪುರಾವೆಯಲ್ಲ, ಅಷ್ಟೇ. ನಿಮ್ಮ ಸಮಾಧಾನದ ಮುಖ ವಿಶ್ವಾಸಕ್ಕೆ ಪುರಾವೆಯಲ್ಲ, ಒಪ್ಪುತ್ತೇನೆ. ಅದು ಕಪಟಕ್ಕೂ ಪುರಾವೆಯಲ್ಲ.

ಇನ್ನು ಹೃದಯ. ಕನ್ನಡದಲ್ಲಿ ಹೃದಯ ಎಂದ ಕೂಡಲೇ ನಮಗೆ ಭಾವನೆ ನೆನಪಾಗುತ್ತದೆ: ಉಕ್ಕುವುದು, ಕರಗುವುದು, ಒಡೆಯುವುದು. ಹೀಬ್ರೂವಿನ ‘ಲೇವ್’ ಮುಖ್ಯವಾಗಿ ಯೋಚಿಸುವ, ತೀರ್ಮಾನಿಸುವ, ಒಂದು ದಿಕ್ಕಿಗೆ ಮುಖ ಮಾಡುವ ಜಾಗ. ಸಂಕಟ, ತಳಮಳಗಳಿಗೆ ಆ ಜನ ದೇಹದ ಇನ್ನೂ ಕೆಳಗಿನ ಭಾಗಗಳನ್ನು ಹೇಳುತ್ತಿದ್ದರು. ನಮ್ಮ ಕನ್ನಡ ಸತ್ಯವೇದದಲ್ಲಿ ‘ಅಂತರಿಂದ್ರಿಯ’ ಎಂದು ಓದುತ್ತೇವಲ್ಲ, ಮೂಲದಲ್ಲಿ ಅದು ಮೂತ್ರಪಿಂಡ. 139ನೇ ಕೀರ್ತನೆಯ 13ನೇ ವಚನದಲ್ಲಿ ದೇವರು ಉಂಟುಮಾಡಿದನು ಎನ್ನುವ ಅಂತರಿಂದ್ರಿಯವೂ ಅದೇ. ನೀವು ನಿಮ್ಮೊಳಗೆ ಭಾವನೆ ಹುಡುಕಿದಿರಿ, ಸಿಗಲಿಲ್ಲ, ಹೃದಯ ಖಾಲಿ ಎಂದು ಬರೆದಿರಿ. ಆದರೆ ಬೈಬಲ್ ಹೃದಯ ಎನ್ನುವ ಜಾಗವನ್ನು ನೀವು ತೆರೆದು ನೋಡಿಯೇ ಇಲ್ಲ. ಎರಡು ವರ್ಷದಿಂದ, ಮನಸ್ಸಿಗೆ ಯಾವ ಹಿತವೂ ಸಿಗದಿದ್ದರೂ, ಪ್ರತಿ ಭಾನುವಾರ ಎದ್ದು, ತಲೆ ಬಾಚಿಕೊಂಡು, ಚಿತ್ರದ ಕಾರ್ಡುಗಳನ್ನು ಚೀಲಕ್ಕೆ ತುಂಬಿಕೊಂಡು ಆರು ವರ್ಷದ ಮಕ್ಕಳ ಹತ್ತಿರ ನಡೆದುಹೋಗುವವಳು ಯಾರು? ಅಲ್ಲಿ ಒಂದು ಹೃದಯ ಕೆಲಸ ಮಾಡುತ್ತಿದೆ.

ಇಲ್ಲಿ ನಿಮಗೆ ಒಬ್ಬರನ್ನು ಪರಿಚಯಿಸಬೇಕು. ಜರ್ಮನಿಯ ಸಭಾಪಾಲಕ, ದೇವಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹಾಫರ್. ಹಿಟ್ಲರನ ಸರಕಾರ ಅವರನ್ನು 1943ರ ಏಪ್ರಿಲ್ 5ರಂದು ಬಂಧಿಸಿ ಬರ್ಲಿನ್‌ನ ಟೇಗಲ್ ಸೆರೆಮನೆಯಲ್ಲಿಟ್ಟಿತು. 1944ರ ಬೇಸಿಗೆಯಲ್ಲಿ ಅವರು ಅಲ್ಲಿಂದ ‘ನಾನು ಯಾರು?’ ಎಂಬ ಕವಿತೆಯೊಂದನ್ನು ಬರೆದರು. ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕೋಣೆಯಿಂದ ಹೊರಗೆ ಬರುವಾಗ ನೀವು ಸ್ವಂತ ಬಂಗಲೆಯಿಂದ ಇಳಿದು ಬರುವ ಜಮೀನ್ದಾರನ ಹಾಗೆ ನೆಮ್ಮದಿಯಾಗಿ, ದೃಢವಾಗಿ ಕಾಣುತ್ತೀರಿ ಎಂದು ನೋಡಿದವರು ಹೇಳುತ್ತಾರಂತೆ. ಕವಿತೆ ಬರೆದವರಿಗೆ ಮಾತ್ರ ತಾವು ಪಂಜರದ ಹಕ್ಕಿಯ ಹಾಗೆ ಚಡಪಡಿಸುತ್ತಿರುವುದು ಗೊತ್ತು. ಬಣ್ಣಕ್ಕೆ, ಹೂವಿಗೆ, ಒಂದು ಒಳ್ಳೆಯ ಮಾತಿಗೆ ಹಂಬಲಿಸುತ್ತಾ, ಪ್ರಾರ್ಥಿಸಲಿಕ್ಕೂ ಯೋಚಿಸಲಿಕ್ಕೂ ಕೆಲಸ ಮಾಡಲಿಕ್ಕೂ ಆಗದಷ್ಟು ಬಳಲಿ ಬರಿದಾಗಿದ್ದಾರೆ.

ಪ್ರಾರ್ಥಿಸಲು ಆಗದಷ್ಟು ಬರಿದು ಎಂದು ಬರೆದವರು ಸಾಮಾನ್ಯರಲ್ಲ. ಪ್ರಾರ್ಥನೆಯ ಬಗ್ಗೆ, ಕೀರ್ತನೆಗಳ ಬಗ್ಗೆ ಪುಸ್ತಕ ಬರೆದವರು, ಸಭಾಪಾಲಕರಾಗುವವರಿಗೆ ಪ್ರಾರ್ಥನೆ ಕಲಿಸಿದವರು. ಮುಂದೆ ಅವರು ಕೇಳುವ ಪ್ರಶ್ನೆಯಲ್ಲಿ ನಿಮ್ಮ ಪದವೇ ಇದೆ. ಇವನಾ, ಅವನಾ? ಇವತ್ತು ಒಬ್ಬ, ನಾಳೆ ಇನ್ನೊಬ್ಬನಾ? ಇಲ್ಲಾ ಏಕಕಾಲಕ್ಕೆ ಎರಡೂ, ಜನರ ಮುಂದೆ ಕಪಟಿ, ನನ್ನ ಮುಂದೆ ನಾನೇ ಒಬ್ಬ ಹೇಯ ದುರ್ಬಲನಾ?

ಈ ಕವಿತೆಯನ್ನು ಹಲವರು ‘ಹೊರಗಿನ ಮುಖ ಸುಳ್ಳು, ಒಳಗಿನ ನೋವೇ ನಿಜ’ ಎಂದು ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ಬಾನ್‌ಹಾಫರ್ ನೋಡಿದವರ ಮಾತನ್ನು ಒಪ್ಪಿಕೊಳ್ಳಲಿಲ್ಲ. ತನ್ನ ಬಗ್ಗೆ ತಾನು ಕಂಡದ್ದನ್ನೂ ಕೊನೆಯ ಸತ್ಯ ಎಂದು ಒಪ್ಪಿಕೊಳ್ಳಲಿಲ್ಲ. ‘ನಾನು ಯಾರು’ ಎಂಬ ಪ್ರಶ್ನೆಗೆ ಉತ್ತರವನ್ನೇ ಕೊಡದೆ, ನಾನು ಯಾರೇ ಆಗಿರಲಿ, ದೇವರೇ, ನೀನು ನನ್ನನ್ನು ಬಲ್ಲೆ, ನಾನು ನಿನ್ನವನು ಎಂದು ಮುಗಿಸಿದರು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ಆಗ ಅವರಿಗೆ 39 ವರ್ಷ. ನಿಮಗಿಂತ ಎರಡು ವರ್ಷ ಚಿಕ್ಕವರು.

ಅಪೊಸ್ತಲ ಪೌಲನೂ ಇದನ್ನೇ ಹೇಳಿದ್ದಾನೆ, ಆದರೆ ನಾವು ಅವಸರದಲ್ಲಿ ದಾಟಿ ಹೋಗುತ್ತೇವೆ. 1 ಕೊರಿಂಥ 4ರಲ್ಲಿ, ನೀವಾಗಲಿ ಮನುಷ್ಯರ ನ್ಯಾಯಾಲಯವಾಗಲಿ ನನ್ನನ್ನು ವಿಚಾರಿಸಿದರೆ ನನಗೆ ಅದು ದೊಡ್ಡದಲ್ಲ ಎನ್ನುತ್ತಾನೆ. ಇಷ್ಟು ಹೇಳಿದರೆ ಅದು ಯಾರೂ ಆಡಬಹುದಾದ ಧೈರ್ಯದ ಮಾತು. ಅವನು ಅಲ್ಲಿಗೆ ನಿಲ್ಲಿಸದೆ, ನನ್ನನ್ನು ನಾನೇ ವಿಚಾರಿಸಿಕೊಳ್ಳುವುದೂ ಇಲ್ಲ, ವಿಚಾರಿಸುವವನು ಕರ್ತನು ಎಂದು ಸೇರಿಸುತ್ತಾನೆ. ಆ ಕುರ್ಚಿಯಲ್ಲಿ ಊರಿನವರನ್ನು ಕೂರಿಸಲಿಲ್ಲ, ತಾನೂ ಕೂರಲಿಲ್ಲ. ಹೃದಯ ಎಲ್ಲಕ್ಕಿಂತ ವಂಚಕ, ಅದನ್ನು ತಿಳಿಯುವವರು ಯಾರು ಎಂಬ ಯೆರೆಮೀಯ 17ರ ಮಾತನ್ನು ನಾವು ಜನರನ್ನು ಗದರಿಸಲು ಬಳಸುತ್ತೇವೆ. ಆದರೆ ಆ ವಂಚನೆ ನಮ್ಮನ್ನು ಹೊಗಳುವಾಗ ಮಾತ್ರ ನಡೆಯುತ್ತದೆ ಎಂದು ಪ್ರವಾದಿ ಹೇಳಿಲ್ಲ. ನಮ್ಮನ್ನು ಜರೆಯುವಾಗಲೂ ಅದು ಸುಳ್ಳು ಹೇಳಬಲ್ಲದು. ಇದನ್ನು ಯೋಹಾನ ಬಹಳ ಮೃದುವಾಗಿ ಬರೆಯುತ್ತಾನೆ: ನಮ್ಮ ಹೃದಯವೇ ನಮ್ಮನ್ನು ಅಪರಾಧಿ ಎಂದು ನಿರ್ಣಯಿಸಿದರೂ, ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು, ಎಲ್ಲವನ್ನೂ ಬಲ್ಲವನು (1 ಯೋಹಾನ 3:20). ದೇವರು ಎಲ್ಲವನ್ನೂ ಬಲ್ಲವನು ಎಂಬುದನ್ನು ಯೋಹಾನ ಇಲ್ಲಿ ತಂದದ್ದು ಬೆದರಿಸುವುದಕ್ಕಲ್ಲ, ಒಂದು ಆರೋಪದಿಂದ ನಮ್ಮನ್ನು ಬಿಡಿಸುವುದಕ್ಕೆ.

ಹಾಗಾದರೆ ಮತ್ತಾಯ 7? ಎಲ್ಲವನ್ನೂ ಬಲ್ಲವನು ‘ನಿಮ್ಮನ್ನು ಎಂದೂ ಅರಿತಿಲ್ಲ’ ಎಂದು ಹೇಳುವುದು ಹೇಗೆ? ಇಲ್ಲಿ ‘ಅರಿ’ ಎಂಬ ಮಾತು ಮಾಹಿತಿಯ ಮಾತಲ್ಲ. ಹೀಬ್ರೂವಿನ ‘ಯಾದಾ’ ಎಂಬ ಕ್ರಿಯಾಪದ ಗಂಡ ಹೆಂಡತಿಯ ಸಂಬಂಧಕ್ಕೂ ಬರುತ್ತದೆ, ದೇವರು ಒಂದು ಜನಾಂಗವನ್ನು ತನ್ನದೆಂದು ಹಿಡಿದುಕೊಳ್ಳುವುದಕ್ಕೂ ಬರುತ್ತದೆ. ಭೂಮಿಯ ಎಲ್ಲಾ ಕುಲಗಳಲ್ಲಿ ನಿಮ್ಮನ್ನು ಮಾತ್ರ ಅರಿತಿದ್ದೇನೆ ಎಂದು ದೇವರು ಆಮೋಸನ ಮೂಲಕ ಇಸ್ರಾಯೇಲಿಗೆ ಹೇಳುತ್ತಾನೆ. ಉಳಿದ ಜನಾಂಗಗಳ ಬಗ್ಗೆ ದೇವರಿಗೆ ಗೊತ್ತಿಲ್ಲ ಎಂದು ಅದರರ್ಥವೇ? ನಮ್ಮ ಊರಿನ ಮಾತಲ್ಲೇ ನೋಡಿ. ‘ಎಂಎಲ್‌ಎ ನನಗೆ ಗೊತ್ತು’ ಎನ್ನುವವರು ಬಸ್‌ಸ್ಟ್ಯಾಂಡಿಗೆ ನೂರು ಮಂದಿ ಸಿಗುತ್ತಾರೆ. ‘ಅವನು ನಮ್ಮ ಹುಡುಗ’ ಎಂದು ಎಂಎಲ್‌ಎ ಹೇಳಬೇಕು, ಆಗ ಆ ಮಾತಿಗೆ ತೂಕ. ಗಲಾತ್ಯದವರಿಗೆ ಬರೆಯುವಾಗ ಪೌಲ ತನ್ನ ವಾಕ್ಯವನ್ನು ಅರ್ಧಕ್ಕೇ ತಿದ್ದಿಕೊಳ್ಳುತ್ತಾನೆ: ಈಗ ನೀವು ದೇವರನ್ನು ಅರಿತಿದ್ದೀರಿ, ಅಲ್ಲ, ದೇವರೇ ನಿಮ್ಮನ್ನು ಅರಿತಿದ್ದಾನೆ (4:9). ಆ ತಿದ್ದುಪಡಿಯ ಮೇಲೆ ನಾನು ವರ್ಷಗಟ್ಟಲೆ ಪಾಠ ಹೇಳಿದ್ದೇನೆ, ಇನ್ನೂ ಮುಗಿದಿಲ್ಲ.

ಮತ್ತಾಯ 7ರ ಆ ಸಾಲಿನಲ್ಲಿ ನಿಂತವರನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅವರು ಪಟ್ಟಿ ಹಿಡಿದು ಬಂದಿದ್ದಾರೆ: ನಿನ್ನ ಹೆಸರಿನಲ್ಲಿ ಪ್ರವಾದಿಸಿದೆವು, ದೆವ್ವ ಬಿಡಿಸಿದೆವು, ಅದ್ಭುತ ಮಾಡಿದೆವು. ತೀರ್ಪು ಕೇಳಿ ಅವರಿಗೆ ಆಶ್ಚರ್ಯವಾಗುತ್ತದೆ. ‘ನನ್ನೊಳಗೆ ಏನೂ ಇಲ್ಲ, ನಾನೂ ಈ ಸಾಲಿನಲ್ಲಿದ್ದೇನಾ’ ಎಂದು ನಡುಗುತ್ತಾ ಕೇಳುವವರು ಆ ಗುಂಪಿನಲ್ಲಿ ಒಬ್ಬರೂ ಇಲ್ಲ. ಆ ಪ್ರಶ್ನೆ ಕೇಳುವವರು ಲೂಕ 18ರಲ್ಲಿದ್ದಾರೆ. ದೇವಾಲಯದಲ್ಲಿ ದೂರ ನಿಂತು, ತಲೆ ಎತ್ತಲೂ ಧೈರ್ಯವಿಲ್ಲದೆ ಎದೆ ಬಡಿದುಕೊಂಡ ಸುಂಕದವನು. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ ಎಂದು ಯೇಸು ಹೇಳಿದ್ದು ನಿಮಗೆ ಗೊತ್ತಿದೆ.

ನಿಮಗೆ ಸಮಾಧಾನ ಹೇಳುವ ಆತುರದಲ್ಲಿ ಕಪಟ ಎಂಬುದೇ ಇಲ್ಲ ಎಂದುಬಿಟ್ಟರೆ ನಾನು ಯೇಸುವಿನ ಮಾತಿಗೆ ದ್ರೋಹ ಬಗೆದ ಹಾಗೆ. ಕಪಟ ಇದೆ, ಅದರ ಬಗ್ಗೆ ಯೇಸು ಆಡಿದಷ್ಟು ಖಾರವಾಗಿ ಇನ್ನಾವುದರ ಬಗ್ಗೆಯೂ ಆಡಿಲ್ಲ. ಸುವಾರ್ತೆಯ ಗ್ರೀಕ್ ಪದ ‘ಹುಪೊಕ್ರಿತೇಸ್’. ಅದಕ್ಕೆ ಮೊದಲ ಅರ್ಥ ರಂಗದ ಮೇಲಿನ ನಟ. ಮತ್ತಾಯ 6ರಲ್ಲಿ ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಹೇಳುವಾಗ ಯೇಸು ಒಂದೇ ಮಾತನ್ನು ಪ್ರತಿ ಸಲ ಹೇಳುತ್ತಾನೆ: ಅವರಿಗೆ ಬರತಕ್ಕ ಪ್ರತಿಫಲ ಬಂದಾಯಿತು. ಅಲ್ಲಿ ಬಳಸಿರುವ ಕ್ರಿಯಾಪದ ಆ ಕಾಲದ ವ್ಯಾಪಾರಿಗಳು ರಸೀದಿಯಲ್ಲಿ ಬರೆಯುತ್ತಿದ್ದದ್ದು. ‘ಪೂರ್ತಿ ಸಂದಿದೆ’ ಎಂಬಂತೆ. ಜನರ ಚಪ್ಪಾಳೆಗಾಗಿ ಮಾಡಿದ್ದು, ಚಪ್ಪಾಳೆ ಸಿಕ್ಕಿತು, ಲೆಕ್ಕ ಮುಗಿಯಿತು. ಈಗ ನೀವೇ ಹೇಳಿ. ‘ಎಂಥ ಗಟ್ಟಿ ವಿಶ್ವಾಸ’ ಎಂಬ ಮಾತು ನಿಮಗೆ ಪ್ರತಿಫಲವಾಗಿ ರುಚಿಸುತ್ತಿದೆಯೇ? ಅದನ್ನು ಕೇಳಿದಾಗಲೆಲ್ಲ ಕುಗ್ಗುತ್ತೇನೆ ಎಂದು ಬರೆದಿದ್ದೀರಿ. ಆ ರಸೀದಿಗೆ ನೀವು ಸಹಿ ಹಾಕಿಲ್ಲ.

ಅದೇ ಅಧ್ಯಾಯದಲ್ಲಿ ನಿಮಗಾಗಿಯೇ ಇಟ್ಟಂಥ ಇನ್ನೊಂದು ವಾಕ್ಯವಿದೆ. ಉಪವಾಸ ಮಾಡುವಾಗ ಮುಖ ಸಪ್ಪೆ ಮಾಡಿಕೊಳ್ಳಬೇಡ, ತಲೆಗೆ ಎಣ್ಣೆ ಹಚ್ಚು, ಮುಖ ತೊಳೆದುಕೋ. ಅಂತರಂಗದಲ್ಲಿ ನೋಡುವ ತಂದೆಗೆ ಮಾತ್ರ ಅದು ಕಾಣಲಿ. ಅಂದರೆ ಒಳಗೆ ಹಸಿವಿರುವಾಗ ಹೊರಗೆ ಮುಖ ತೊಳೆದು ತಲೆ ಬಾಚಿಕೊಂಡಿರುವುದನ್ನು ಯೇಸು ಕಪಟ ಎನ್ನಲಿಲ್ಲ. ಹಾಗೆ ಇರು ಎಂದು ತಾನೇ ಕಲಿಸಿದ. ಎಲ್ಲರ ಮುಂದೆ ಎಲ್ಲವನ್ನೂ ಹರಡಿಕೊಳ್ಳುವುದೇ ಪ್ರಾಮಾಣಿಕತೆ ಎಂಬ ಒಂದು ಭಾವನೆ ಈಚೆಗೆ ಬೆಳೆದಿದೆ. ನನಗೆ ಅದು ಒಪ್ಪಿಗೆಯಿಲ್ಲ. ದುಃಖಕ್ಕೂ ಒಂದು ಬಾಗಿಲು ಬೇಕು, ಒಳಗಿನಿಂದ ಚಿಲಕ ಹಾಕಿಕೊಳ್ಳಲು.

ಮದರ್ ತೆರೇಸಾ ಅವರ ಕಥೆ ಇಲ್ಲಿ ಹೇಳಬೇಕು. ಅವರು ತೀರಿಕೊಂಡದ್ದು 1997ರಲ್ಲಿ. ಹತ್ತು ವರ್ಷದ ಮೇಲೆ, 2007ರಲ್ಲಿ, ಅವರು ತಮ್ಮ ಆತ್ಮಿಕ ಮಾರ್ಗದರ್ಶಕರಿಗೆ ಬರೆದಿದ್ದ ಖಾಸಗಿ ಪತ್ರಗಳು ಪ್ರಕಟವಾದಾಗ ಲೋಕ ಬೆಚ್ಚಿತು. ಕೋಲ್ಕತ್ತದ ಕೊಳೆಗೇರಿಗಳಲ್ಲಿ ಸೇವೆ ಆರಂಭಿಸಿದ ಕಾಲದಿಂದ ಸುಮಾರು ಐವತ್ತು ವರ್ಷ, ನಡುವೆ ಒಂದು ಚಿಕ್ಕ ಅವಧಿ ಬಿಟ್ಟು, ಪ್ರಾರ್ಥನೆಯಲ್ಲಿ ಅವರಿಗೆ ಸಿಕ್ಕಿದ್ದು ಕತ್ತಲೆ, ಮೌನ. ತಮ್ಮ ನಗು ಒಳಗಿನದನ್ನು ಮುಚ್ಚುವ ಹೊದಿಕೆ ಎಂದು ಅವರೇ ಬರೆದಿದ್ದರು. ಇದೆಲ್ಲ ನಾಟಕವಾಗಿತ್ತೇ ಎಂದು ಕೇಳಿದವರೂ ಇದ್ದರು. ಅವರ ಸಭೆ ಹಾಗೆ ನೋಡಲಿಲ್ಲ. ಆ ಪತ್ರಗಳನ್ನು ಸಂಗ್ರಹಿಸಿ ಹೊರತಂದವರು ಅವರ ಸಂತ ಪದವಿಯ ಪ್ರಕರಣವನ್ನು ನಡೆಸುತ್ತಿದ್ದ ಪಾದ್ರಿಯೇ. 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ನಾನು ಪ್ರಾಟೆಸ್ಟೆಂಟ್ ಸಭೆಯವನು, ಸಂತ ಪದವಿಯ ವಿಷಯದಲ್ಲಿ ನಮ್ಮ ದಾರಿ ಬೇರೆ. ಆದರೆ ಒಂದು ಸಂಗತಿ ನನ್ನ ಮನಸ್ಸಿಗೆ ನಾಟಿದೆ. ಬೀದಿಗೆ ಅವರು ನಗು ಕೊಟ್ಟರು, ಕೆಲವೇ ಕೆಲವರಿಗೆ ಸತ್ಯ ಕೊಟ್ಟರು. ಯಾರಿಗೂ ಹೇಳದೆ ಹೊತ್ತುಕೊಂಡು ತಿರುಗಲಿಲ್ಲ.

ನಿಮಗೆ ಈಗ ಕೊರತೆಯಿರುವುದು ಅದೇ ಎಂದು ನನಗೆ ತೋರುತ್ತದೆ. ಅಪರಿಚಿತನಾದ ನನಗೆ ಬರೆದಿರಿ, ಒಳ್ಳೆಯದಾಯಿತು. ನಿಮ್ಮ ಊರಿನಲ್ಲೇ ಒಬ್ಬರಿಗೆ ಹೇಳಿ. ಭಾನುವಾರ ಸಾಕ್ಷಿ ಹೇಳುವ ಹೊತ್ತಿನಲ್ಲಿ ಎದ್ದು ನಿಂತು ಹೇಳಬೇಡಿ, ಅದು ಅದಕ್ಕೆ ತಕ್ಕ ಜಾಗವಲ್ಲ. ಬುದ್ಧಿ ಹೇಳದೆ ಕೇಳುವ, ಕೇಳಿದ್ದನ್ನು ಪ್ರಾರ್ಥನಾ ವಿಷಯವೆಂದು ನಾಲ್ಕು ಮನೆಗೆ ಹಂಚದ ಒಬ್ಬ ಹಿರಿಯ ಹೆಂಗಸು ಸಾಕು. ಯಾಕೋಬನ ಪತ್ರಿಕೆ ಒಬ್ಬರಿಗೊಬ್ಬರು ಅರಿಕೆಮಾಡಿಕೊಳ್ಳಿರಿ ಎನ್ನುತ್ತದೆ. ಕಥೋಲಿಕರಲ್ಲಿ ಪಾಪನಿವೇದನೆಗೆ ಒಂದು ಪೆಟ್ಟಿಗೆಯಾದರೂ ಇದೆ. ನಾವು ಎಲ್ಲರೂ ಒಟ್ಟಿಗೆ ಪುಸ್ತಕ ನೋಡಿ ಪಾಪದ ಅರಿಕೆ ಓದಿ ಕೂತುಬಿಡುತ್ತೇವೆ, ಒಬ್ಬೊಬ್ಬರಾಗಿ ಬಾಯಿ ಬಿಡಲು ನಮ್ಮ ಸಭೆಗಳಲ್ಲಿ ಜಾಗವೇ ಉಳಿದಿಲ್ಲ. ಇದು ನಮ್ಮ ದೊಡ್ಡ ನಷ್ಟ.

ಇದರ ಜೊತೆಗೆ ಇನ್ನೊಂದು ಮಾತು. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬೆಳಿಗ್ಗೆ ಏಳುವುದೇ ಬೇಡ ಎನಿಸುತ್ತಿದೆ ಎಂದಿದ್ದರೆ ವೈದ್ಯರನ್ನು ನೋಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ದುಃಖ ಕಾಯಿಲೆಯಾಗಿ ತಿರುಗುವುದು ವಿಶ್ವಾಸ ಕಡಿಮೆಯಾದ್ದರಿಂದಲ್ಲ.

ಪ್ರಾರ್ಥನೆಗೆ ಮಾತು ಬರದಿದ್ದರೆ 88ನೇ ಕೀರ್ತನೆಯನ್ನು ಓದಿ. ಓದಿ ಮುಗಿಸಿ, ಎದ್ದುಬಿಡಿ. ಹೆಚ್ಚಿನ ಪ್ರಲಾಪ ಕೀರ್ತನೆಗಳು ಕೊನೆಯಲ್ಲಿ ಸ್ತೋತ್ರಕ್ಕೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಹೀಬ್ರೂವಿನಲ್ಲಿ ಇದರ ಕಟ್ಟಕಡೆಯ ಪದವೇ ಕತ್ತಲೆ. ಹಾಗಿದ್ದೂ ಯಾರೂ ಅದನ್ನು ಬೈಬಲ್ಲಿನಿಂದ ತೆಗೆದುಹಾಕಲಿಲ್ಲ. 139ನೇ ಕೀರ್ತನೆ ನಿಮ್ಮನ್ನು ಹೆದರಿಸಿದರೆ ಅದಕ್ಕೂ ನಾಚಬೇಡಿ, ಬರೆದವನಿಗೂ ಹೆದರಿಕೆಯಾಗಿತ್ತು. ಹಿಂದೆಯೂ ಮುಂದೆಯೂ ನನ್ನನ್ನು ಸುತ್ತಿಕೊಂಡಿದ್ದೀ ಎಂಬಲ್ಲಿರುವ ಕ್ರಿಯಾಪದ ಕೋಟೆಗೆ ಮುತ್ತಿಗೆ ಹಾಕುವುದಕ್ಕೂ ಬಳಸುವಂಥದು. ನಿನ್ನಿಂದ ತಪ್ಪಿಸಿಕೊಂಡು ಎಲ್ಲಿಗೆ ಓಡಲಿ ಎಂದು ಅವನು ಕೇಳುತ್ತಾನೆ, ಕತ್ತಲೆಯಲ್ಲಿ ಅಡಗಿಕೊಳ್ಳಲೇ ಎಂದೂ ಯೋಚಿಸುತ್ತಾನೆ. ಕೊನೆಗೆ, ಇಪ್ಪತ್ತಮೂರನೇ ವಚನದಲ್ಲಿ, ನನ್ನನ್ನು ಪರೀಕ್ಷಿಸು ಎಂದು ತಾನೇ ಕೇಳಿಕೊಳ್ಳುತ್ತಾನೆ. ಮೊದಲ ವಚನದಿಂದ ಅಲ್ಲಿಗೆ ಬರಲು ಅವನಿಗೆ ಎಷ್ಟು ಕಾಲ ಹಿಡಿಯಿತೋ, ನೀವು ಅವಸರ ಮಾಡಬೇಡಿ.

ಈಗ ಸಂಡೇ ಸ್ಕೂಲಿನ ವಿಷಯ. ಯೋಹಾನ 18ರಲ್ಲಿ, ಯೇಸುವನ್ನು ಹಿಡಿದ ರಾತ್ರಿ, ಅವನ ಶಿಷ್ಯ ಪೇತ್ರ ಇದ್ದಲಿನ ಬೆಂಕಿಯ ಹತ್ತಿರ ಚಳಿ ಕಾಯಿಸಿಕೊಳ್ಳುತ್ತಾ, ಯೇಸು ನನಗೆ ಗೊತ್ತೇ ಇಲ್ಲ ಎಂಬಂತೆ ಸುಳ್ಳು ಹೇಳುತ್ತಾನೆ. ‘ಇದ್ದಲ ಬೆಂಕಿ’ ಎಂಬ ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ, 21ನೇ ಅಧ್ಯಾಯದಲ್ಲಿ. ಸತ್ತವರೊಳಗಿಂದ ಎದ್ದುಬಂದ ಯೇಸು ಸಮುದ್ರದ ದಡದಲ್ಲಿ ಇದ್ದಲು ಹೊತ್ತಿಸಿ, ಮೀನು ಸುಟ್ಟು, ರೊಟ್ಟಿ ಇಟ್ಟು ಶಿಷ್ಯರನ್ನು ಊಟಕ್ಕೆ ಕರೆಯುತ್ತಾನೆ. ಊಟವಾದ ಮೇಲೆ ಪೇತ್ರನನ್ನು ಮೂರು ಸಲ ಕೇಳುತ್ತಾನೆ, ನನ್ನನ್ನು ಪ್ರೀತಿಸುತ್ತೀಯಾ ಎಂದು. ಪೇತ್ರನ ಸ್ಥಿತಿ ಯೋಚಿಸಿ. ನನ್ನ ನಡತೆ ನೋಡು ಎನ್ನುವಂತಿಲ್ಲ, ನಡತೆಯೇ ಅವನ ವಿರುದ್ಧ ಸಾಕ್ಷಿ. ನನ್ನ ಭಾವನೆ ನೋಡು ಎನ್ನುವಂತಿಲ್ಲ, ಸಾಯಬೇಕಾದರೂ ಬಿಡುವುದಿಲ್ಲ ಎಂದು ಆ ರಾತ್ರಿ ಉಕ್ಕಿ ಹೇಳಿದ್ದು ಅದೇ ಭಾವನೆ. ಹೊರಗೂ ಒಳಗೂ ತೋರಿಸಲು ಏನೂ ಉಳಿದಿಲ್ಲ. ಮೂರನೇ ಸಲ ನೊಂದು ಅವನು ಹೇಳುತ್ತಾನೆ: ಕರ್ತನೇ, ನೀನು ಎಲ್ಲವನ್ನೂ ಬಲ್ಲೆ, ನಾನು ನಿನ್ನನ್ನು ಪ್ರೀತಿಸುತ್ತೇನೆಂಬುದು ನಿನಗೆ ಗೊತ್ತು. ನಿಮ್ಮನ್ನು ಹೆದರಿಸುತ್ತಿರುವ ಅದೇ ಸತ್ಯವನ್ನು ಪೇತ್ರ ಹಿಡಿದುಕೊಂಡ, ಹಿಡಿಯಲು ಅವನಿಗೆ ಬೇರೇನೂ ಇರಲಿಲ್ಲ.

ಯೇಸು ಅವನಿಗೆ ಮೊದಲು ಭಾವನೆ ಸರಿಮಾಡಿಕೊಂಡು ಬಾ ಎನ್ನಲಿಲ್ಲ. ಕೆಲಸ ಕೊಟ್ಟ. ಮೂರು ಸಲವೂ ಕೊಟ್ಟ. ಮೊದಲ ಸಲ ಒಪ್ಪಿಸಿದ್ದು ದೊಡ್ಡ ಕುರಿಗಳನ್ನೂ ಅಲ್ಲ, ಮರಿಗಳನ್ನು. ನಿಮ್ಮ ಕ್ಲಾಸು ಅದು.

ಒಂದನ್ನು ಮಾತ್ರ ಬದಲಿಸಿಕೊಳ್ಳಿ. ನಿಮಗೇ ಗೊತ್ತಿಲ್ಲದ್ದನ್ನು ಗೊತ್ತು ಎಂದು ಮಕ್ಕಳಿಗೆ ಹೇಳಬೇಡಿ. ಪ್ರಾರ್ಥಿಸಿದರೆ ದುಃಖವೇ ಆಗುವುದಿಲ್ಲ ಎಂಬಂಥ ಮಾತುಗಳನ್ನು ಪಾಠದಿಂದ ತೆಗೆದುಬಿಡಿ. ಮುಂದಿನ ಭಾನುವಾರ ಅದೇ 16ನೇ ಅಧ್ಯಾಯವನ್ನು ಮತ್ತೆ ಹೇಳಿ, ಈ ಸಲ ವಾಕ್ಯದ ಜೊತೆಗೆ ಪೂರ್ತಿ ಕಥೆ. ಏಳು ಅಣ್ಣಂದಿರು ಒಬ್ಬೊಬ್ಬರಾಗಿ ಮುಂದೆ ಬಂದು ಹೋದರು. ನಿನ್ನ ಗಂಡುಮಕ್ಕಳು ಇಷ್ಟೇನಾ ಎಂದು ಸಮುವೇಲ ಕೇಳಿದ. ಅಪ್ಪನಿಗೂ ಕರೆಸಬೇಕೆಂದು ತೋಚದಿದ್ದ ಎಂಟನೆಯವನು ಕುರಿ ಕಾಯುತ್ತಾ ಹೊರಗಿದ್ದ. ಅವನು ಬರುವವರೆಗೂ ಯಾರೂ ಊಟಕ್ಕೆ ಕೂರುವಂತಿಲ್ಲ ಎಂದ ಸಮುವೇಲ. ಮಕ್ಕಳಿಗೆ ಈ ಭಾಗ ಬಹಳ ಹಿಡಿಸುತ್ತದೆ, ಎಲ್ಲರೂ ಹಸಿದುಕೊಂಡು ಬಾಗಿಲ ಕಡೆ ನೋಡುತ್ತಾ ನಿಂತಿರುವುದು. ಯಾವುದಾದರೂ ಮಗು ‘ಟೀಚರ್, ನಿಮಗೆ ಅಂಕಲ್ ನೆನಪಾಗ್ತಾರಾ’ ಎಂದು ಕೇಳಿದರೆ, ಹೌದು ಎನ್ನಿ. ಗಂಟಲು ಕಟ್ಟಿದರೆ ಕಟ್ಟಲಿ, ಅವರು ನೋಡಲಿ.